ಹೂಟರ್ ಬಾಯಿಗೆ ಬನಿಯನ್

ಮಲೆನಾಡಿನ ವಿದ್ಯುತ್ ಉಪಕೇಂದ್ರವೆಂದರೆ ಹಕ್ಕಿಗಳ ಚಿಲಿಪಿಲಿ ಕೇಳುತ್ತಾ ಸಂಬಳ ಎಣಿಸುವ ಜಾಗವೆಂದು ಶಿವಮೊಗ್ಗ ಪೇಟೆಯ ನಮ್ಮ ನೆಂಟರು ತಿಳಿದಿದ್ದಾರೆ. ಅವರು ಒಮ್ಮೆ ನಮ್ಮ ಕಂಟ್ರೋಲ್ ರೂಮಿನಲ್ಲಿ ಕೂತು ನೋಡಬೇಕು. ಹೊರಗೆ ಟ್ರಾನ್ಸ್‌ಫಾರ್ಮರ್ ಹಗಲಿರುಳೂ ತಂಬೂರಿಯಂತೆ ಗುಂಯ್‌ಗುಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್; ಒಳಗಿನ ಉಕ್ಕಿನ ತಗಡುಗಳು ಪ್ರತಿ ಆವರ್ತಕ್ಕೆ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಶ್ರುತಿ 100ರದ್ದು. ಕೋಣೆಯಲ್ಲಿ ಎ.ಸಿ., ಸಾಲದ್ದಕ್ಕೆ ಫ್ಯಾನು, ನೆಲಕ್ಕೆ ಟೈಲ್ಸ್, ಎದುರಿಗೆ ಗಾಜು. ಒಬ್ಬರು ಸೀನಿದರೆ ಗೋಡೆಗಳೂ ಸೀನುತ್ತವೆ.

ಇನ್ನು ಮಳೆಗಾಲ. ಸೋರುತ್ತದೆಂದು ತಾರಸಿಯ ಮೇಲೆ ಹೊದಿಸಿದ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಫೋನಿನ ಮಾತು ದೇವರಿಗೇ ಪ್ರೀತಿ. ಆಷಾಢದ ಒಂದು ಸಂಜೆ ಲೈನ್‌ಮನ್, “ಸರ್, ಮರ ಬಿದ್ದಿದೆ” ಎಂದ. ನಮ್ಮ ಸಹೋದ್ಯೋಗಿಗೆ ಕೇಳಿಸಿದ್ದು ‘ಬರ’. “ಆಗುಂಬೆಯ ಮಗ್ಗುಲಲ್ಲಿ ಬರವೇನಪ್ಪಾ?” ಎಂದು ಗದರಿದರು. ಪುಣ್ಯಕ್ಕೆ ಆ ಕಡೆಗೆ ಕರೆಂಟು ಒಯ್ಯುವ ಲೈನು, ಅಂದರೆ ಫೀಡರ್, ಅಷ್ಟರಲ್ಲಿ ತಾನೇ ಟ್ರಿಪ್ ಆಗಿ ಕರೆಂಟು ನಿಂತಿತ್ತು. ಆಮೇಲಿನಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದು ಲೈನಿನ ಮೇಲೆ ಕೆಲಸ ಮಾಡಲು ಅನುಮತಿ) ಕೊಡುವಾಗ ಆ ಕಡೆಯವರು ಫೀಡರಿನ ಹೆಸರನ್ನು ತಿರುಗಿ ಹೇಳದೆ ಯಾರೂ ಸ್ವಿಚ್ಚಿಗೆ ಕೈ ಹಾಕುವುದಿಲ್ಲ.

ಗದ್ದಲ ಏರಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. 1911ರಲ್ಲಿ ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು ಇದನ್ನು ವರದಿ ಮಾಡಿದ್ದರು. ನಮ್ಮ ಶಿಫ್ಟ್ ಬದಲಾಗುವ ಹೊತ್ತಿಗೆ ಬಂದಿದ್ದರೆ ಅವರ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಎಚ್ಚರಿಕೆಯ ಸದ್ದು ಕೋಣೆಯ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕಂತೆ. ನಾವು ಕೂಗಿದಷ್ಟೂ ಹೂಟರೂ ಕೂಗಬೇಕು. ಅದಕ್ಕೋ ತಾರತಮ್ಯವಿಲ್ಲ, ಲೈನ್ ಹೋದರೂ ಅದೇ ಕಿರುಚಾಟ, ಬ್ಯಾಟರಿ ಚಾರ್ಜರ್ ಮುನಿಸಿಕೊಂಡರೂ ಅದೇ. ಒಂದು ರಾತ್ರಿ ಯಾರೋ ಅದರ ಬಾಯಿಗೆ ಹಳೆಯ ಬನಿಯನ್ ತುರುಕಿದರು. ತಪಾಸಣೆಗೆ ಬಂದ ಸಾಹೇಬರು ಸದ್ದು ಕ್ಷೀಣವಾಗಿದೆಯೆಂದು ಬರೆದುಕೊಂಡು ಹೋಗಿ ಇನ್ನೂ ದೊಡ್ಡ ಹೂಟರ್ ಕಳಿಸಿದರು. ಬನಿಯನ್ ಯಾರದೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ, ಅಳತೆಯೇನೋ ಒಬ್ಬರಿಗೇ ಹೊಂದುತ್ತದೆ.

ಬಳಿಕ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ್ದಾಯಿತು. ಅದು ಕೀರಲು ಸದ್ದನ್ನು ಒಂದಿಷ್ಟು ಹೀರೀತು, ಗುಂಯ್‌ಗುಡುವುದನ್ನು ತಡೆಯಲಾರದು. ಜಡಿಮಳೆಗೆ ಟ್ರೇಗಳಿಗೆ ಬೂಸ್ಟು ಬಂತು, ಹಿಂದೆ ಹಲ್ಲಿಗಳು ಸಂಸಾರ ಹೂಡಿದವು.

ಕೊನೆಗೆ ಫಲ ಕೊಟ್ಟದ್ದು ಹವಾಯಿ ಚಪ್ಪಲಿ. ಅಟೆಂಡರ್ ಅದರ ರಬ್ಬರನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಕುರ್ಚಿಯ ಕಾಲುಗಳಿಗೆ ಅಂಟಿಸಿದ. ಟೈಲ್ಸ್ ಮೇಲಿನ ಕರಕರ ನಿಂತೇ ಹೋಯಿತು. ಈಗ ಪಕ್ಕದ ಕಚೇರಿಯವರು ನಮ್ಮ ಕುರ್ಚಿಗಳನ್ನು ಸದ್ದಿಲ್ಲದೆ ಎಳೆದೊಯ್ಯುತ್ತಿದ್ದಾರೆ.