ಕಾರಿನಲ್ಲಿ ಇಲಿ ಸತ್ತಿದ್ದು

ಜನವರಿ ಬಂತು ಅಂದ್ರೆ ಹಾಸನದಲ್ಲಿ ಎಲ್ಲರ ಮನೆಯಲ್ಲೂ ಒಂದೇ ವಾಸನೆ, ಅವರೆಕಾಯಿದು. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ರಾತ್ರಿ ಮುದ್ದೆಗೆ ಅವರೆಕಾಳು ಮೊಟ್ಟೆ ಸಾರು. ಸೊಗಡಿನ ಕಾಯಿ ಸಿಗೋದೇ ಅಷ್ಟು ದಿನ, ಬಿಡೋಕಾಗುತ್ತಾ? ನಾನಂತೂ ಬಿಡಲಿಲ್ಲ. ಬಿಟ್ಟಿದ್ದು ಬೇರೆ.

ನಾವು ನಾಲ್ಕು ಜನ ಒಂದೇ ಕಾರಿನಲ್ಲಿ ಸಕಲೇಶಪುರಕ್ಕೆ ಕೆಲಸಕ್ಕೆ ಹೋಗುತ್ತೇವೆ. ಹತ್ತಿರಹತ್ತಿರ 40 ಕಿಲೋಮೀಟರ್. ಹೊರಗೆ ಮಂಜು, ಕಿಟಕಿ ಎಲ್ಲಾ ಬಂದ್. ಬೈರಾಪುರದಲ್ಲಿ ಹೊಟ್ಟೆ ಗುಡುಗಿತು. ಪಾಳ್ಯದವರೆಗೂ ಹಲ್ಲು ಕಚ್ಚಿ ತಡೆದೆ. ಬಾಳ್ಳುಪೇಟೆ ಹತ್ತಿರ ಒಂದು ಹಂಪ್ ಬಂತು. ಅಷ್ಟೇ.

ಸದ್ದೇನೂ ಆಗಲಿಲ್ಲ. ಸದ್ದಾಗಿದ್ದರೆ ಚೆನ್ನಾಗಿತ್ತು, ನಕ್ಕು ಮುಗಿಸಬಹುದಿತ್ತು. ಪಕ್ಕದಲ್ಲಿದ್ದ ಮೇಡಂ ಶಾಲನ್ನು ಮೂಗಿನವರೆಗೆ ಎಳೆದುಕೊಂಡರು. ಮುಂದಿನ ಸೀಟಿನವರು ಮಂಜಿನಲ್ಲಿ ಏನೋ ಬೋರ್ಡು ಓದುವವರ ಹಾಗೆ ಹೊರಗೆ ನೋಡತೊಡಗಿದರು. ಕೊನೆಗೆ ಕಾರು ಓಡಿಸುತ್ತಿದ್ದ ಸಾರ್ ಹೇಳಿದರು:

"ಏಸಿಯೊಳಗೆ ಇಲಿ ಸತ್ತಿರಬೇಕು ಕಣ್ರೀ."

"ಹೌದು ಸಾರ್, ನಿನ್ನೆಯಿಂದ್ಲೂ ಬರ್ತಿದೆ," ಅಂದುಬಿಟ್ಟೆ.

ಆ ಒಂದು ಸುಳ್ಳಿಗೆ ಕಾರು ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದ, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ತೂರಿದ. ಸಿಕ್ಕಿದ್ದು ಎರಡು ಒಣಗಿದ ಎಲೆ, ಒಂದು ಬಿಸ್ಕತ್ತಿನ ಕವರ್. ಬಿಲ್ಲು 600 ರೂಪಾಯಿ. ತಲೆಗೆ 150ರಂತೆ ಹಂಚಿಕೊಂಡೆವು. ಇಂಗು ತಿಂದ ಮಂಗನ ಹಾಗೆ ನಿಂತು ನನ್ನ ಪಾಲು ಕೊಟ್ಟೆ. ಉಳಿದ 450 ಈಗಲೂ ಹೊಟ್ಟೆಯಲ್ಲಿ ಗುಡುಗುಡು ಅನ್ನುತ್ತದೆ.

ಪರಿಚಯದ ಡಾಕ್ಟರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಆರೋಗ್ಯವಾಗಿರುವವರೂ ದಿನಕ್ಕೆ 10ರಿಂದ 20 ಸಲ ಹೂಸು ಬಿಡುತ್ತಾರಂತೆ. ಮೇಡಂ ಕೂಡ ಅನ್ನಿ! ಅದರಲ್ಲಿ ಹೆಚ್ಚಿನ ಪಾಲು ನೈಟ್ರೋಜನ್, ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್. ಇವಕ್ಕೆ ವಾಸನೆಯೇ ಇಲ್ಲ. ಮಾನ ಕಳೆಯೋದು ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲಗಳು. ಅವು ಎಲ್ಲಾ ಸೇರಿ ನೂರಕ್ಕೆ ಒಂದು ಪಾಲೂ ಇರೋದಿಲ್ಲ. ಅವರೆಯಲ್ಲಿರುವ ಕೆಲವು ಸಕ್ಕರೆ ನಮ್ಮ ಸಣ್ಣ ಕರುಳಿಗೆ ಅರಗೋದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಕೋಸು ಗಂಧಕ ಒದಗಿಸುತ್ತವೆ. ಅಂದರೆ ಅವರೆ ಗಾಳಿ ತುಂಬುತ್ತೆ, ಮೊಟ್ಟೆ ಅತ್ತರು ಹಚ್ಚುತ್ತೆ. ನಾನು ಎರಡನ್ನೂ ಒಂದೇ ತಟ್ಟೆಯಲ್ಲಿ ಎರಡೆರಡು ಸಲ ಬಡಿಸಿಕೊಂಡಿದ್ದೆ.

ಮಲಬದ್ಧತೆ ಇದ್ದರೂ, ಹಾಲು ಒಗ್ಗದಿದ್ದರೂ ಹೀಗಾಗಬಹುದು ಅಂದರು. "ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆನೋವು ಬಿಡದಿದ್ದರೆ ಮಾತ್ರ ಸುಮ್ನೆ ಕೂರಬೇಡಿ," ಅಂತ ಸೇರಿಸಿದರು.

ಮದ್ದು? ಮೆಡಿಕಲ್ ಶಾಪಿನ ಗುಳಿಗೆ ಗುಳ್ಳೆ ಒಡೆಯಿತು, ವಾಸನೆಯನ್ನು ಮುಟ್ಟಲಿಲ್ಲ. ಅಮ್ಮ ಇಂಗಿನ ಮಜ್ಜಿಗೆ ಕೊಟ್ಟು, ಓಮದ ಕಾಳು ಅಗಿಸಿದರು. ಹೊಟ್ಟೆ ಹಗುರಾಯಿತು. ಒಣಕಾಳು ನೆನೆಸಿದ ನೀರನ್ನು ಈಗ ಚೆಲ್ಲುತ್ತೇವೆ. ಗಬಗಬ ತಿನ್ನೋದನ್ನೂ ಕಡಿಮೆ ಮಾಡಿದ್ದೇನೆ. ಎಲ್ಲಕ್ಕಿಂತ ಒಗ್ಗಿದ್ದು ರಾತ್ರಿ ಊಟ ಆದಮೇಲೆ ಮಹಾರಾಜ ಪಾರ್ಕ್ ಕಡೆ ನಡೆಯೋದು. ಹೊಟ್ಟೆಗೂ ಒಳ್ಳೆಯದು, ಬಯಲಲ್ಲಿ ಸಾಕ್ಷಿಯೂ ಇರೋದಿಲ್ಲ.

ಮೊನ್ನೆ ಮತ್ತೆ ಅದೇ ಹಂಪ್. ಮತ್ತೆ ಅದೇ ವಾಸನೆ. ನಾನು ಬೆಳಿಗ್ಗೆ ತಿಂದಿದ್ದು ಎರಡು ಇಡ್ಲಿ. ದೇವರಾಣೆ ನಂದಲ್ಲ! ಮೊದಲ ಸಲ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಸಾರ್ ಎಂದೂ ಇಲ್ಲದ ಶ್ರದ್ಧೆಯಿಂದ ರಸ್ತೆ ನೋಡುತ್ತಿದ್ದರು.

"ಆ ಇಲಿ ಇನ್ನೂ ಸಿಕ್ಕಿಲ್ಲ ಅನ್ಸುತ್ತೆ," ಅಂದರು.

"ಹೌದು ಸಾರ್," ಅಂದೆ. "ಈ ಸಲ ಡ್ರೈವರ್ ಸೀಟಿನ ಕೆಳಗೆ ನೋಡಿಸಿ."