ಸತ್ಯಾಂಶ: ಓದು ಬಾರದ ಅಪ್ಪ-ಅಮ್ಮನೂ ಎಸ್‌ಡಿಎಂಸಿ ಸೇರಬಹುದು

"ಎಸ್ಸೆಸ್ಸೆಲ್ಸಿ ಪಾಸಾಗದ ಪೋಷಕರು ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಬರುವಂತಿಲ್ಲ" ಅನ್ನೋ ಮೆಸೇಜು ನಮ್ಮ ಮೂಡಿಗೆರೆ ಕಡೆ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇಂಥ ಷರತ್ತು ಹಾಕಿಲ್ಲ. ಸಮಿತಿಯಲ್ಲಿ ಮುಕ್ಕಾಲು ಪಾಲಾದರೂ ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಹೇಳುತ್ತದೆ.

ಸಮಿತಿಯ ಕೆಲಸವೂ ಸರ್ಟಿಫಿಕೇಟು ಕೇಳುವಂಥದ್ದಲ್ಲ, ಅಲ್ವಾ? ಬಿಸಿಯೂಟದ ಸಾಂಬಾರಿಗೆ ಬೇಳೆ ಸರಿಯಾಗಿ ಬಿದ್ದಿದೆಯಾ, ಹುಡುಗಿಯರ ಶೌಚಾಲಯದ ಚಿಲಕ ನೆಟ್ಟಗಿದೆಯಾ, ಕಾಫಿ ಕೊಯ್ಲು ಶುರುವಾದ ಮೇಲೆ ಯಾವ ಮಗು ಶಾಲೆ ಬಿಟ್ಟಿದೆ ಅನ್ನೋದು ತೋಟದ ಕಾರ್ಮಿಕರ ಲೈನ್ ಮನೆಯ ತಾಯಿಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ. ಅವರನ್ನು ಹೊರಗಿಟ್ಟರೆ ನಷ್ಟ ಮಕ್ಕಳಿಗೇ. ಅನುದಾನದ ಖರ್ಚು ನೋಡುವುದೂ ಸಮಿತಿಯ ಕೆಲಸ. ಹಾಗಾಗಿ ಓದಲು ಬಾರದವರು ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ, ಸಭೆಯ ನಡಾವಳಿಯನ್ನು ಮೊದಲು ಗಟ್ಟಿಯಾಗಿ ಓದಿಸಿಕೊಳ್ಳಿ.