ಠಸ್ಸೆ ಯಾರ ಹತ್ತಿರ ಇದೆ, ಮೊದಲು ಅದನ್ನ ಹೇಳಿ

ಬೆಳಗಿನಿಂದ ನಾಲ್ಕು ವಾಟ್ಸಾಪ್ ಗುಂಪಿನಲ್ಲಿ ಅದೇ ಕಾರ್ಡು. "ಜಗತ್ತಿನ ಪ್ರಬಲ ನಗರಗಳು" ಅಂತ ತಲೆಬರಹ. ಕೆಳಗೆ ಊರಿನ ಹೆಸರು, ಪಕ್ಕದಲ್ಲಿ ಎಷ್ಟು ಶತಕೋಟ್ಯಧಿಪತಿಗಳು, ಎಷ್ಟು ಯೂನಿಕಾರ್ನು (ನೂರು ಕೋಟಿ ಡಾಲರ್ ಬೆಲೆ ದಾಟಿದ ಸ್ಟಾರ್ಟ್‌ಅಪ್ಪು), ಎಷ್ಟು ಲಕ್ಷ ಕೋಟಿ. ವಾಷಿಂಗ್ಟನ್‌ಗಿಂತ ನ್ಯೂಯಾರ್ಕ್ ಮೇಲೆ, ದಿಲ್ಲಿಗಿಂತ ಮುಂಬೈ ಮೇಲೆ. ಬೆಂಗಳೂರಿಗೂ ಒಂದು ಕಿರೀಟ ಅಂಟಿಸಿದ್ದಾರೆ, ಹಿನ್ನೆಲೆಯಲ್ಲಿ ವಿಮಾನ ನಿಲ್ದಾಣದ ಕೆಂಪೇಗೌಡರು. ಅದರ ಕೆಳಗೆ ನಮ್ಮವರ ಚಪ್ಪಾಳೆ, ಹಳದಿ ಹೃದಯ, ಕೆಂಪು ಹೃದಯ.

ಸ್ವಾಮಿ, ಅದು ಪಾಸ್‌ಬುಕ್ಕು. ಅದರಲ್ಲಿ ಎಷ್ಟಿದೆ ಅನ್ನೋದು ಒಂದು ಪ್ರಶ್ನೆ, ಚೆಕ್ಕಿಗೆ ಸಹಿ ಯಾರದು ಅನ್ನೋದು ಬೇರೆಯೇ ಪ್ರಶ್ನೆ. ದುಡ್ಡನ್ನು ಎಣಿಸಿ ಅದಕ್ಕೆ ಅಧಿಕಾರ ಅಂತ ಹೆಸರಿಡುವ ಈ ಚಟ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಇದು ಗೊತ್ತಿದ್ದೂ ನನ್ನನ್ನೇ ಟ್ಯಾಗ್ ಮಾಡುತ್ತೀರಲ್ಲ, ಹಾಗಾದರೆ ಪೂರ್ತಿ ಓದಿ.

ದೂರ ಹೋಗೋದು ಬೇಡ, ನಮ್ಮ ಮೆಟ್ರೋದ ಹಳದಿ ಮಾರ್ಗ ತಗೊಳ್ಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರ, 19.15 ಕಿಲೋಮೀಟರ್, 16 ನಿಲ್ದಾಣ. ಕೋನಪ್ಪನ ಅಗ್ರಹಾರ ನಿಲ್ದಾಣದ ಹೆಸರಿಗೆ ಇನ್ಫೋಸಿಸ್ ಫೌಂಡೇಶನ್ ಸೇರಿದೆ, ಹೆಬ್ಬಗೋಡಿಗೆ ಬಯೋಕಾನ್, ಬೊಮ್ಮಸಂದ್ರಕ್ಕೆ ಡೆಲ್ಟಾ ಎಲೆಕ್ಟ್ರಾನಿಕ್ಸ್. ದುಡ್ಡಿನ ತಾಕತ್ತು ಕಣ್ಣಿಗೆ ಕಾಣೋದು ಅಂದರೆ ಇದೇ. ಸರಿ, ರೈಲು? 216 ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಇಲ್ಲೇ ಕಾರ್ಖಾನೆ ಮಾಡಬೇಕೆಂಬ ಷರತ್ತನ್ನು ಅವರು ಈಡೇರಿಸಲಿಲ್ಲ. 2020ರಲ್ಲಿ ಚೀನಾದ ಹೂಡಿಕೆಗೆ ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು, ಆಮೇಲೆ ಗಡಿಯಲ್ಲಿ ಗಾಲ್ವಾನ್ ಘರ್ಷಣೆ ಆಯಿತು. ಕೊನೆಗೆ ಬೋಗಿ ಕಟ್ಟುವ ಬಂಗಾಳದ ಟಿಟಾಗಢ ಕಂಪನಿ ಅವರ ಜೊತೆಗೆ ಬಂತು. ಮಾದರಿ ರೈಲು ಹೆಬ್ಬಗೋಡಿ ಡಿಪೋಗೆ ಬರುವಾಗ 2024ರ ಫೆಬ್ರವರಿ. ಅದರ ಮಧ್ಯೆ ಚೀನಾದ ಎಂಜಿನಿಯರ್‌ಗಳಿಗೆ ವೀಸಾ ಸಿಗದ ಕತೆ ಬೇರೆ. ಮಾರ್ಗ ತೆರೆದದ್ದು 2025ರ ಆಗಸ್ಟ್ 10ಕ್ಕೆ, ಅದೂ ಮೂರು ರೈಲು, 25 ನಿಮಿಷಕ್ಕೊಂದು.

ಅಂದರೆ ಲೆಕ್ಕ ಹೀಗೆ: ನಿಲ್ದಾಣದ ಮೇಲೆ ಹೆಸರು ಬರೆಸೋಕೆ ಎಲೆಕ್ಟ್ರಾನಿಕ್ ಸಿಟಿಯ ದುಡ್ಡು ಸಾಕು. ಆ ನಿಲ್ದಾಣಕ್ಕೆ ರೈಲು ಬರಬೇಕು ಅಂದರೆ ದಿಲ್ಲಿಯಲ್ಲಿ ಯಾವನೋ ಒಬ್ಬ ಗುಮಾಸ್ತ ವೀಸಾ ಫೈಲಿನ ಮೇಲೆ ಠಸ್ಸೆ ಒತ್ತಬೇಕು. ಹೊಸೂರು ರಸ್ತೆಯಲ್ಲಿ ನಿಂತ ಜಗತ್ತಿನ ದೊಡ್ಡ ಸಾಫ್ಟ್‌ವೇರ್ ಮೆದುಳುಗಳೆಲ್ಲ ಸೇರಿದರೂ ಆ ಕೈಯನ್ನು ಒಂದು ಇಂಚು ಕೆಳಗಿಳಿಸಲು ಆಗಲಿಲ್ಲ.

ಈಗ ಬ್ಯಾಂಕಿಗೆ ಬರೋಣ. ಬ್ಯಾಂಕಿನ ವಿಷಯ ಬಂದರೆ ನಾನು ಸಮಚಿತ್ತದಲ್ಲಿರೋದಿಲ್ಲ, ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಕರಾವಳಿಯಲ್ಲಿ ಬ್ಯಾಂಕು ಕಟ್ಟುವುದು ದೇವಸ್ಥಾನ ಕಟ್ಟಿದಷ್ಟೇ ಸಹಜವಾಗಿತ್ತು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ. ಈ ಕಡೆ ಬೆಂಗಳೂರಿನಲ್ಲಿ 1913ರ ಮೈಸೂರು ಬ್ಯಾಂಕ್. 1969ರ ಜುಲೈ 19ರಂದು, 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕುಗಳು ಒಂದೇ ಸುಗ್ರೀವಾಜ್ಞೆಯಲ್ಲಿ ಸರ್ಕಾರದವಾದವು. ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. 1970ರ ಫೆಬ್ರವರಿ 10ಕ್ಕೆ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ನಾಲ್ಕೇ ದಿನ, 14ಕ್ಕೆ ಹೊಸ ಸುಗ್ರೀವಾಜ್ಞೆ! ಮುಂಬೈಯ ಟಾಟಾಗಳ ಸೆಂಟ್ರಲ್ ಬ್ಯಾಂಕೂ ಆ ಪಟ್ಟಿಯಲ್ಲಿತ್ತು. ಕೋರ್ಟು ಕಾನೂನನ್ನು ಹೊಡೆದುಹಾಕಿದರೂ ದೇಶದ ಅಷ್ಟು ದೊಡ್ಡ ಮನೆತನಗಳಿಗೆ ಏನೂ ಕಿಸಿಯಲಾಗಲಿಲ್ಲ. 1980ರಲ್ಲಿ ಇನ್ನೂ ಆರು ಬ್ಯಾಂಕು, ಅದರಲ್ಲಿ ಕಾರ್ಪೊರೇಷನ್, ವಿಜಯಾ.

ಆಮೇಲೆ ಹೋದದ್ದು ನೋಡಿ. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿಗೆ. ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ ಸೇರಿತು, ಅದೊಂದು ಮಾತ್ರ ಊರಲ್ಲೇ ಉಳಿಯಿತು. (ಎಲ್ಲವೂ ಏಪ್ರಿಲ್ 1. ನಾನೇನೂ ಹೇಳಲ್ಲ.) ವಿಜಯಾ ಲಾಭದಲ್ಲಿದ್ದ ಬ್ಯಾಂಕು. 1,000 ಷೇರು ಕೊಟ್ಟವರಿಗೆ ಬರೋಡಾದ 402 ಷೇರು ಸಿಕ್ಕಿತು. ಇದಕ್ಕೆ ಷೇರುದಾರರ ಮತದಾನ ಬೇಕಿರಲಿಲ್ಲ. ಬ್ಯಾಂಕ್ ಸ್ವಾಧೀನ ಕಾಯ್ದೆಯ 9ನೇ ಕಲಮಿನಡಿ ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿನ ಜೊತೆ ಸಮಾಲೋಚಿಸಿ ಯೋಜನೆ ಹೊರಡಿಸಿದರೆ ಆಯಿತು, ಮುಗೀತು. 2019ರ ಆಗಸ್ಟ್ 30ರಂದು ಕಾರ್ಪೊರೇಷನ್, ಸಿಂಡಿಕೇಟ್ ವಿಲೀನ ಘೋಷಿಸಿದ ಹಣಕಾಸು ಸಚಿವರು ರಾಜ್ಯಸಭೆಗೆ ಹೋಗಿದ್ದು ಯಾವ ರಾಜ್ಯದಿಂದ? ಕರ್ನಾಟಕದಿಂದಲೇ. ನಾವೇ ಠಸ್ಸೆಗೆ ಶಾಯಿ ಹಾಕಿ ಕಳಿಸಿದ್ದು.

"ಹೆಡ್ ಆಫೀಸ್ ಹೋದರೇನು, ಶಾಖೆ ಇಲ್ಲೇ ಇದೆಯಲ್ಲ" ಅನ್ನೋರಿಗೆ ಬ್ಯಾಂಕು ಹೇಗೆ ನಡೆಯುತ್ತೆ ಅನ್ನೋದೇ ಗೊತ್ತಿಲ್ಲ. ಶಾಖೆಯ ಮ್ಯಾನೇಜರ್‌ಗೆ ಸಾಲ ಮಂಜೂರು ಮಾಡಲು ಒಂದು ಮಿತಿ. ದಾಟಿದರೆ ಪ್ರಾದೇಶಿಕ ಕಚೇರಿ, ಅದನ್ನೂ ದಾಟಿದರೆ ವಲಯ ಕಚೇರಿ, ಅಲ್ಲಿಂದ ಮೇಲಿನದೆಲ್ಲ ಕೇಂದ್ರ ಕಚೇರಿಯ ಸಾಲ ಸಮಿತಿ. ಗೋಡಂಬಿ ಕಾರ್ಖಾನೆಯ ದುಡಿಮೆ ಬಂಡವಾಳ ಮಳೆಗಾಲಕ್ಕೆ ಮುಂಚೆ ಯಾಕೆ ಜಾಸ್ತಿ ಬೇಕು ಅನ್ನೋದು ಮಂಗಳೂರಿನಲ್ಲಿ ಕೂತ ಸಮಿತಿಗೆ ವಿವರಿಸಬೇಕಾಗಿಲ್ಲ. ಮುಂಬೈಯಲ್ಲಿ ಕೂತ ಸಮಿತಿಗೆ ಮೂರು ಪುಟದ ಟಿಪ್ಪಣಿ ಬರೀಬೇಕು, ಅದು ಆಕ್ಷೇಪಣೆಯ ಜೊತೆ ವಾಪಸ್ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತೆ. ಜೊತೆಗೆ ಲೆಕ್ಕಪರಿಶೋಧಕರು, ವಕೀಲರು, ಮುದ್ರಣದವರು, ಕೇಂದ್ರ ಕಚೇರಿಯ ಸುತ್ತ ಬದುಕುವ ಒಂದು ಇಡೀ ಊರೇ ಇರುತ್ತೆ.

"ಹಾಗಾದರೆ ಮುಂಬೈ ಗೆದ್ದಿತಲ್ಲ?" ಅಂತೀರಿ. ಇಲ್ಲೇ ಕಾರ್ಡಿನವರು ಎಡವೋದು. ಮುಂಬೈಗೆ ಕಚೇರಿ ಸಿಕ್ಕಿತು. ರಿಸರ್ವ್ ಬ್ಯಾಂಕು 1937ರಿಂದ ಅಲ್ಲೇ ಇದೆ, ಷೇರುಪೇಟೆಯ ನಿಯಂತ್ರಕ ಸೆಬಿ ಅಲ್ಲೇ ಇದೆ, 1875ರ ಷೇರುಪೇಟೆ ಅಲ್ಲೇ ಇದೆ. ಆದರೆ ಗವರ್ನರನ್ನು ನೇಮಿಸೋದು ದಿಲ್ಲಿ. ಹಣದುಬ್ಬರದ ಗುರಿ, ಶೇ 4, ಎರಡು ಹೆಚ್ಚು ಎರಡು ಕಡಿಮೆ, ಅದನ್ನು ಐದು ವರ್ಷಕ್ಕೊಮ್ಮೆ ಗೊತ್ತುಮಾಡೋದು ದಿಲ್ಲಿ. ಬಡ್ಡಿದರ ನಿರ್ಧರಿಸುವ ಆರು ಜನರ ಸಮಿತಿಯಲ್ಲಿ ಹೊರಗಿನ ಮೂವರನ್ನು ಕೂರಿಸೋದು ದಿಲ್ಲಿ. 2024-25ರ ಮಿಗತೆ 2.69 ಲಕ್ಷ ಕೋಟಿ ಹೋಗಿದ್ದು ದಿಲ್ಲಿಗೆ. 2016ರ ನವೆಂಬರ್ 8ರ ಸಂಜೆ ಐದೂವರೆಗೆ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಸಭೆ ಸೇರಿತಲ್ಲ, ಎಲ್ಲಿ ಸೇರಿತು ಗೊತ್ತಾ? ಮುಂಬೈಯ ಮಿಂಟ್ ರಸ್ತೆಯ ಕೇಂದ್ರ ಕಚೇರಿಯಲ್ಲಲ್ಲ, ಹೊಸದಿಲ್ಲಿಯಲ್ಲಿ. ಎಂಟು ಗಂಟೆಗೆ ಟಿವಿ. ಚಲಾವಣೆಯಲ್ಲಿದ್ದ ಹಣದ ಶೇ 86ರಷ್ಟು ಮೌಲ್ಯ ಆ ರಾತ್ರಿ ರದ್ದಿಯಾಯಿತು.

ದಲಾಲ್ ಸ್ಟ್ರೀಟಿಗೆ, ಅಂದರೆ ಮುಂಬೈ ಷೇರುಪೇಟೆಗೆ, ಕೋಪ ಬಂದರೆ ಏನಾಗುತ್ತೆ? 2024ರ ಜುಲೈ 23ರ ಬಜೆಟ್ಟಿನಲ್ಲಿ ಷೇರಿನ ಅಲ್ಪಾವಧಿ ಲಾಭದ ತೆರಿಗೆ ಶೇ 15ರಿಂದ 20ಕ್ಕೆ, ದೀರ್ಘಾವಧಿಯದು ಶೇ 10ರಿಂದ 12.5ಕ್ಕೆ ಏರಿತು. ಸೆನ್ಸೆಕ್ಸ್ ಒಂದು ಹಂತದಲ್ಲಿ 1,200ಕ್ಕೂ ಹೆಚ್ಚು ಅಂಕ ಬಿತ್ತು. ದಿನದ ಕೊನೆಗೆ ನಷ್ಟ 73 ಅಂಕ. ಮಧ್ಯಾಹ್ನದ ಸಿಟ್ಟು ಸಂಜೆ ಚಹಾದ ಹೊತ್ತಿಗೆ ಇಳಿದಿತ್ತು.

ಈಗ ಓದಿಕೊಂಡ ಗೆಳೆಯರು ಲಂಡನ್ ತರ್ತಾರೆ, ತರಲಿ. 2022ರ ಸೆಪ್ಟೆಂಬರ್ 23ಕ್ಕೆ ಬ್ರಿಟನ್ನಿನ ಪ್ರಧಾನಿ ಲಿಜ್ ಟ್ರಸ್ ಸರ್ಕಾರದ ಮಿನಿ ಬಜೆಟ್. ತೆರಿಗೆ ಕಡಿತಕ್ಕೆ ದುಡ್ಡು ಎಲ್ಲಿಂದ ಅಂತ ಹೇಳಲಿಲ್ಲ. ಪೌಂಡ್ ಬಿತ್ತು, ಸರ್ಕಾರಿ ಸಾಲಪತ್ರಗಳ (ಬಾಂಡ್) ಬೆಲೆ ಕುಸಿಯಿತು, ಪಿಂಚಣಿ ನಿಧಿಗಳು ಮಾರ್ಜಿನ್ (ಹೆಚ್ಚುವರಿ ಭದ್ರತಾ ಹಣ) ಕಟ್ಟೋಕೆ ಅವೇ ಸಾಲಪತ್ರಗಳನ್ನು ಮಾರತೊಡಗಿದವು, ಮಾರಿದಷ್ಟೂ ಬೆಲೆ ಇನ್ನೂ ಕುಸಿಯಿತು. 28ಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡ್ ಕೊಳ್ಳಲು ಇಳಿಯಬೇಕಾಯಿತು. ಅಕ್ಟೋಬರ್ 20ಕ್ಕೆ ಪ್ರಧಾನಿಯ ರಾಜೀನಾಮೆ ಘೋಷಣೆ. ಒಳ್ಳೆ ಉದಾಹರಣೆ, ಒಪ್ಪಿದೆ. ಆದರೆ ಮುಂದಿನ ಪ್ರಧಾನಿಯನ್ನು ಆರಿಸಿದ್ದು ಬಾಂಡ್ ವ್ಯಾಪಾರಿಗಳಲ್ಲ, ಪಕ್ಷದ ಸಂಸದರು. ಪೇಟೆ ಕುರ್ಚಿ ಅಲ್ಲಾಡಿಸಿತು, ಅದರ ಮೇಲೆ ಕೂರಲಿಲ್ಲ.

ಅಮೆರಿಕದ್ದೂ ಅಷ್ಟೆ. 2008ರ ಸೆಪ್ಟೆಂಬರ್ 29ಕ್ಕೆ ಬ್ಯಾಂಕ್ ರಕ್ಷಣೆಯ ಮಸೂದೆಯನ್ನು ಸಂಸತ್ತಿನ ಕೆಳಮನೆ ತಿರಸ್ಕರಿಸಿತು, ನ್ಯೂಯಾರ್ಕಿನ ಷೇರು ಸೂಚ್ಯಂಕ ಡೌ 777 ಅಂಕ ಬಿತ್ತು, ಅಕ್ಟೋಬರ್ 3ಕ್ಕೆ 70,000 ಕೋಟಿ ಡಾಲರಿನ ಕಾಯ್ದೆ ಪಾಸಾಯಿತು. ನ್ಯೂಯಾರ್ಕಿನ ಗೆಲುವು ಅಂತ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟ ತಿರುಗಿಸಿ: ಅಕ್ಟೋಬರ್ 13ಕ್ಕೆ ಒಂಬತ್ತು ಭಾರೀ ಬ್ಯಾಂಕುಗಳ ಮುಖ್ಯಸ್ಥರನ್ನು ವಾಷಿಂಗ್ಟನ್ನಿನ ಖಜಾನೆ ಕಟ್ಟಡಕ್ಕೆ ಕರೆಸಿ, ಒಂದು ಹಾಳೆ ಮುಂದಿಟ್ಟು, ಬೇಕಾದವರು ಬೇಡವಾದವರು ಎಲ್ಲರಿಂದಲೂ ಅವತ್ತೇ ಸಹಿ ಹಾಕಿಸಿದರು. ಸರ್ಕಾರ ಅವರ ಬ್ಯಾಂಕಿನಲ್ಲಿ ಪಾಲುದಾರನಾಯಿತು. ಚೀನಾದ ಕತೆ ಇನ್ನೂ ಚಿಕ್ಕದು. ಅಲಿಬಾಬಾ ಕಂಪನಿ ಕಟ್ಟಿದ ಜಾಕ್ ಮಾ 2020ರ ಅಕ್ಟೋಬರ್ 24ಕ್ಕೆ ಶಾಂಘೈನಲ್ಲಿ ನಿಯಂತ್ರಕರನ್ನು ಹಂಗಿಸಿ ಭಾಷಣ ಮಾಡಿದರು. ಅವರ ಆಂಟ್ ಗ್ರೂಪಿನ 3,400 ಕೋಟಿ ಡಾಲರಿನ ಷೇರು ನವೆಂಬರ್ 5ಕ್ಕೆ ಪೇಟೆಗೆ ಬರಬೇಕಿತ್ತು, ಎರಡು ದಿನ ಮೊದಲು ತಡೆ. ಪ್ರಕಟಣೆ ಬಂದಿದ್ದು ಶಾಂಘೈ ಷೇರುಪೇಟೆಯ ಹೆಸರಲ್ಲೇ. ಲೆಟರ್‌ಹೆಡ್ ಶಾಂಘೈದು, ಠಸ್ಸೆ ಬೀಜಿಂಗಿನದು.

ಹಾಗಂತ ರಾಜಧಾನಿ ಅಂತ ಬೋರ್ಡು ಹಾಕಿಕೊಂಡ ಊರೆಲ್ಲ ಬಲಶಾಲಿ ಅಂತಲ್ಲ. ಬೆಂಗಳೂರು ದುಡ್ಡಿನ ಊರೂ ಹೌದು, ರಾಜಧಾನಿಯೂ ಹೌದು. ಇಲ್ಲಿ ಏನಾಗುತ್ತೆ?

2024ರ ಜುಲೈ 15. ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳಿಗೆ ಶೇ 50, ಉಳಿದವಕ್ಕೆ ಶೇ 70 ಸ್ಥಳೀಯರು ಎಂಬ ಮಸೂದೆಗೆ ನಮ್ಮ ಸಚಿವ ಸಂಪುಟದ ಒಪ್ಪಿಗೆ. ಉದ್ಯಮದವರು ಬೊಬ್ಬೆ ಹಾಕಿದರು, ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಅಂತ ಚಾಪೆ ಹಾಸಿದರು. 17ಕ್ಕೆ ಮಸೂದೆ ತಡೆಗೆ ಬಿತ್ತು. ಎರಡು ದಿನ!

2025ರ ಆಗಸ್ಟ್ 20. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸುವ ಮಸೂದೆ ಲೋಕಸಭೆಯಲ್ಲಿ ಮಂಡನೆ, ಅವತ್ತೇ ಪಾಸು. 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಬೆಂಗಳೂರಿನ ಕಂಪನಿಗಳು ಆ ವ್ಯವಹಾರಕ್ಕೆ ಬಾಗಿಲು ಹಾಕಿದವು. ಜೂಜು ನಿಂತಿದ್ದಕ್ಕೆ ನನಗೆ ಕಣ್ಣೀರೇನಿಲ್ಲ, ಆದರೆ ಒಂದು ಸಂಗತಿ ಗಮನಿಸಿ. ಇದೇ ಕೆಲಸವನ್ನು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಮಾಡಿತ್ತು. ಕಂಪನಿಗಳು ಕೋರ್ಟಿಗೆ ಹೋದವು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ಕಲಮುಗಳನ್ನು ರದ್ದು ಮಾಡಿತು. ಸಂವಿಧಾನದಲ್ಲಿ ಪಂದ್ಯ, ಜೂಜು ರಾಜ್ಯಪಟ್ಟಿಯ 34ನೇ ಬಾಬತ್ತು. ನಮ್ಮದೇ ಬಾಬತ್ತಿನಲ್ಲಿ ನಾವು ಸೋತೆವು, ದಿಲ್ಲಿ ಮೂರು ದಿನದಲ್ಲಿ ಮುಗಿಸಿತು. ಹೊಸ ಕಾಯ್ದೆಯನ್ನೂ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ತನ್ನ ಬಳಿಗೇ ತರಿಸಿಕೊಂಡಿತು. ಸುಪ್ರೀಂ ಕೋರ್ಟ್ ಯಾವ ಊರಲ್ಲಿದೆ ಅಂತ ಕಾರ್ಡಿನವರನ್ನು ಕೇಳಿ.

ದುಡ್ಡಿಗೆ ಗೊತ್ತಿರೋದು ಒಂದೇ ಬೆದರಿಕೆ, "ಬಿಟ್ಟು ಹೋಗ್ತೀನಿ". ವಿಧಾನಸೌಧ ಅದಕ್ಕೆ ಹೆದರುತ್ತೆ, ಯಾಕಂದರೆ ಹೈದರಾಬಾದ್ ಇದೆ, ವಿಶಾಖಪಟ್ಟಣ ಇದೆ, ಹೊಸೂರು ಇಲ್ಲೇ ಗಡಿಯಾಚೆ ಇದೆ. ದಿಲ್ಲಿ ಯಾಕೆ ಹೆದರಬೇಕು? ಇನ್ನೊಂದು ದಿಲ್ಲಿ ಎಲ್ಲಿದೆ?

ಕೇಂದ್ರದ ತೆರಿಗೆಯಲ್ಲಿ ರಾಜ್ಯದ ಪಾಲಿನ ವಿಷಯ ನಿಮಗೆಲ್ಲ ಬಾಯಿಪಾಠ, ಬೇಗ ಮುಗಿಸ್ತೀನಿ. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೇದರಲ್ಲಿ ಶೇ 3.647 ಆಯಿತು. ಅದನ್ನು ತುಂಬಿಕೊಡಲು ಆಯೋಗವೇ ಹೇಳಿದ 5,495 ಕೋಟಿ ಬರಲಿಲ್ಲ. 2024ರ ಫೆಬ್ರವರಿ 7ಕ್ಕೆ ನಮ್ಮ ಮುಖ್ಯಮಂತ್ರಿ ಸಚಿವರನ್ನೆಲ್ಲ ಕಟ್ಟಿಕೊಂಡು ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಸರಿಯೋ ತಪ್ಪೋ, ಅದು ನಿಮ್ಮ ನಿಮ್ಮ ಪಕ್ಷಕ್ಕೆ ಬಿಟ್ಟದ್ದು. ಪ್ರಬಲ ನಗರದವರು ಧರಣಿ ಕೂರೋಕೆ ಇನ್ನೊಂದು ನಗರಕ್ಕೆ ಟಿಕೆಟ್ ತೆಗೆಸಬೇಕಾಯಿತು ಅನ್ನೋದಷ್ಟೇ ನನ್ನ ಮಾತು.

ಊರೊಳಗಿನ ಅಧಿಕಾರವಾದರೂ? ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10. ಆಮೇಲೆ ಐದು ವರ್ಷ ಒಬ್ಬ ಕಾರ್ಪೊರೇಟರ್ ಇಲ್ಲದೆ ಈ ಊರು ಆಡಳಿತಾಧಿಕಾರಿಗಳ ಕೈಲಿತ್ತು. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಅಧ್ಯಕ್ಷರು ಮುಖ್ಯಮಂತ್ರಿ. ಯೂನಿಕಾರ್ನ್ ಎಣಿಸಿದವರು ಇದನ್ನೂ ಒಂದು ಕಾಲಂ ಮಾಡಿ ಹಾಕಬಹುದಿತ್ತು.

ಕೆಂಪೇಗೌಡರ ವಿಷಯಕ್ಕೆ ಬರ್ತೀನಿ, ಕಾರ್ಡಿನಲ್ಲಿ ಅವರನ್ನೇ ನಿಲ್ಲಿಸಿದ್ದೀರಲ್ಲ. 1537ರ ಸುಮಾರಿಗೆ ಪೇಟೆ ಕಟ್ಟಿದರು, ಅಕ್ಕಿಪೇಟೆ, ಚಿಕ್ಕಪೇಟೆ, ಬಳೇಪೇಟೆ, ವ್ಯಾಪಾರ ಚಿಗುರಿತು, ದುಡ್ಡು ಸೇರಿತು. ಆಗ ಅವರು ಸ್ವಂತ ನಾಣ್ಯ ಅಚ್ಚು ಹಾಕಿಸಿದರು, ಅಪ್ಪಣೆ ಇಲ್ಲದ ಆ ನಾಣ್ಯಕ್ಕಾಗಿ ವಿಜಯನಗರದ ಅರಸರು ಅವರನ್ನು ಆನೆಗೊಂದಿಯಲ್ಲಿ ಸೆರೆ ಇಟ್ಟರು ಅಂತ ನಮ್ಮೂರಿನ ಇತಿಹಾಸ ಹೇಳಿಕೊಂಡು ಬಂದಿದೆ. ಈಗ ಅವರದು 108 ಅಡಿಯ ಕಂಚಿನ ಪ್ರತಿಮೆ, ಹೆಸರು "ಸಮೃದ್ಧಿಯ ಪ್ರತಿಮೆ". 2022ರ ನವೆಂಬರ್ 11ರಂದು ಅದನ್ನು ಅನಾವರಣ ಮಾಡೋಕೆ ಪ್ರಧಾನಿ ದಿಲ್ಲಿಯಿಂದ ಬಂದಿದ್ದರು.